ಮುಂದಿನ ಮನೆಯ ಪಂತುಲಮ್ಮ

ನಮ್ಮ ಓಣಿಯಲ್ಲಿ ಆಕೆಯನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಮಿಷನ್ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತಿದ್ದಳು, ಆದ್ದರಿಂದ ಎಲ್ಲರಿಗೂ ಪಂತುಲಮ್ಮ. ಅದು ತೆಲುಗಿನವರ ಮಾತು, ಆದರೆ ಆದೋನಿಯಲ್ಲಿ ಯಾವ ಮಾತು ಯಾರದೆಂದು ವಿಚಾರಿಸುತ್ತ ಕೂತರೆ ಸಂತೆ ಮುಗಿದುಹೋಗುತ್ತದೆ. ಆಕೆಯ ಗಂಡನೂ ನಾಲ್ಕು ಮಂದಿಯ ಮುಂದೆ ಪಂತುಲಮ್ಮ ಎಂದೇ ಅನ್ನುತ್ತಿದ್ದ. ಹೆಸರು ನನಗೆ ಗೊತ್ತು, ಬರೆಯುವುದಿಲ್ಲ. ಆಕೆಯ ಮಕ್ಕಳು ಬೆಳೆದು ದೊಡ್ಡವರಾಗಿದ್ದಾರೆ. ತಾಯಿಯ ಹೆಸರನ್ನು ಎಲ್ಲಿ ಹೇಳಬೇಕು, ಎಲ್ಲಿ ಬೇಡ ಅನ್ನುವುದು ಅವರಿಗೆ ಬಿಟ್ಟದ್ದು.

ನಾನು ಮದುವೆಯಾಗಿ ಆದೋನಿಗೆ ಬಂದ ಹೊಸತು. ಊರು ಆಗ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಮಾವನವರದು ಹತ್ತಿ ವ್ಯಾಪಾರ. ನಮ್ಮ ಮನೆಯ ಮುಂದೆ ಅಗಲವಾದ ಅಂಗಳ, ಅಂಗಳದಲ್ಲಿ ಬಾವಿ, ಆಚೆ ತುದಿಗೆ ಎರಡು ಖೋಲಿಯ ಒಂದು ಸಣ್ಣ ಮನೆ. ಅದನ್ನು ಮುಂದಿನ ಮನೆ ಅನ್ನುತ್ತಿದ್ದೆವು. ಪಂತುಲಮ್ಮನ ಗಂಡ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಫಿಟ್ಟರ್. ಎಮ್ಮಿಗನೂರಿನ ನೇಕಾರರ ಮನೆಯವನು, ಅವರಪ್ಪನ ಕಾಲಕ್ಕೆ ಕ್ರೈಸ್ತರಾದವರು. ಮಾತು ಕಡಿಮೆ. ಹತ್ತಿ ಸುಗ್ಗಿಯಲ್ಲಿ ಮನೆಗೆ ಬರುವಾಗ ಹುಬ್ಬಿನ ಮೇಲೆಲ್ಲ ಹತ್ತಿಯ ನವಿರು ಕೂತಿರುತ್ತಿತ್ತು. ಮಾವ ಆತನಿಗೆ ಮುಂದಿನ ಮನೆ ಬಾಡಿಗೆಗೆ ಕೊಡುತ್ತೇನೆ ಎಂದಾಗ ನಮ್ಮ ಅತ್ತೆ ತಟ್ಟೆಯಲ್ಲಿದ್ದ ರೊಟ್ಟಿ ಬಿಟ್ಟು ಎದ್ದರು.

"ಕಿರಸ್ತಾನರಿಗೆ ಮನಿ ಕೊಡ್ತೀರೇನು?"

"ಮಷಿನ್ ನಿಂತರ ನಮ್ಮ ಹತ್ತಿ ಹಂಗ ಬಿದ್ದಿರ್ತೈತಿ. ಅದನ್ನ ನಡಸಾಂವ ಆತ. ನಿನ್ನ ಮಡಿ ಬಂದು ನಡಸ್ತೈತೇನು?"

ಅತ್ತೆ ಸೋಲುವವರಲ್ಲ. "ಕೊಡ್ರಿ. ಬಾವಿ ಹಗ್ಗ ಮಾತ್ರ ಮುಟ್ಟಂಗಿಲ್ಲ ಅಂತ ಹೇಳಿಬಿಡ್ರಿ" ಎಂದರು. ಹಗ್ಗ ಮುಟ್ಟಬಾರದು ಎಂದರೆ ನೀರನ್ನು ಇನ್ನೊಬ್ಬರು ಸೇದಿ ಅವರ ಕೊಡಕ್ಕೆ ಹೊಯ್ಯಬೇಕು. ಆ ಇನ್ನೊಬ್ಬರು ಮನೆಯ ಸೊಸೆ. ಹೀಗೆ ಅತ್ತೆಯ ಶುದ್ಧಿ ಕಾಯುವ ಕೆಲಸ ನನ್ನ ರಟ್ಟೆಗೆ ಬಿತ್ತು.

ಮೊದಲ ದಿನ ಬೆಳಿಗ್ಗೆ ಆಕೆ ಎರಡು ಕೊಡ ತಂದಿಟ್ಟು, ಒಂದು ಮಾರು ಹಿಂದೆ ಸರಿದು ನಿಂತಳು. ಕಪ್ಪು ಬಣ್ಣದ, ಗಿಡ್ಡ ಹೆಂಗಸು. ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿದ್ದಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿದ್ದರೂ, ಮನೆ ಕೊಟ್ಟವರ ಸೊಸೆ ಎಂದು ಅಕ್ಕಾರ ಎನ್ನುತ್ತಿದ್ದಳು.

"ಸೇದೋ ಕೆಲಸ ತಪ್ಪಿತು ನೋಡ್ರಿ ಅಕ್ಕಾರ. ನವಾಬರ ಬೇಗಮ್ಮಗೂ ಈ ಸವಲತ್ತು ಇತ್ತೋ ಇಲ್ಲೋ" ಎಂದಳು. ನನಗೆ ನಗು ತಡೆಯದೆ ಅರ್ಧ ಕೊಡ ನೀರು ಹೊರಗೆ ಚೆಲ್ಲಿತು. ಒಳಗಿನಿಂದ ಅತ್ತೆ ಕೆಮ್ಮಿದರು.

ಯಾವಾಗಲೂ ನಗುತ್ತಿದ್ದಳು ಎಂದುಕೊಳ್ಳಬೇಡಿ. ಒಮ್ಮೆ ನನಗೆ ಜ್ವರ ಬಂದು ಮಲಗಿದ್ದೆ. ನೀರು ಹೊಯ್ಯಲು ಯಾರೂ ನೆನಪು ಮಾಡಿಕೊಳ್ಳಲಿಲ್ಲ. ಆಕೆ ಖಾಲಿ ಕೊಡದ ಹತ್ತಿರ ಬಹಳ ಹೊತ್ತು ನಿಂತು, ಶಾಲೆಗೆ ತಡವಾಗಿ ಹೋದಳು. ಮರುದಿನ ನಾನು ಮಾತಾಡಿಸಿದರೆ, "ನನಗ ಸಿಟ್ಟು ಬಂದೈತ್ರಿ. ನಾಳಿಗೆ ಹೋಗ್ತೈತಿ. ಇವತ್ತೊಂದಿನ ಮಾತಾಡಿಸಬ್ಯಾಡ್ರಿ" ಎಂದಳು. ಅದರ ಮರುದಿನ ತಾನೇ ಮಾತಾಡಿಸಿದಳು. ಸಿಟ್ಟನ್ನು ಹೀಗೆ ಲೆಕ್ಕಕ್ಕೆ ತಕ್ಕಂತೆ ಇಟ್ಟು, ತೆಗೆದವರನ್ನು ನಾನು ಬೇರೆ ನೋಡಿಲ್ಲ. ನಮ್ಮ ಮನೆಯಲ್ಲಿ ಒಂದು ಸಿಟ್ಟು ಒಂದು ತಲೆಮಾರು ಬಾಳುತ್ತದೆ.

ಆಕೆಯ ತೌರು ಪೆದ್ದಹರಿವಾಣಂ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು. ದೇವರ ಜೊತೆ ಮಾತಾಡುವುದು ತೆಲುಗಿನಲ್ಲಿ, ಗಂಡನನ್ನು ಗದರುವುದು ಕನ್ನಡದಲ್ಲಿ. ಯಾಕೆ ಹೀಗೆ ಎಂದು ಕೇಳಿದ್ದಕ್ಕೆ, ಸಣ್ಣವಳಿದ್ದಾಗ ಪ್ರಾರ್ಥನೆ ಕಲಿಸಿದವರು ತೆಲುಗಿನವರು, ಗಂಡನನ್ನು ಗದರುವುದು ಕಲಿಸಿದವಳು ತನ್ನ ತಾಯಿ ಎಂದಳು.

ಪ್ರಾರ್ಥನೆಯನ್ನೂ ಆಕೆ ಕಣ್ಣು ತೆರೆದುಕೊಂಡೇ ಮಾಡುತ್ತಿದ್ದಳು. ಅವರ ಪೈಕಿ ಉಳಿದವರೆಲ್ಲ ಕಣ್ಣು ಮುಚ್ಚಿ ತಲೆ ಬಗ್ಗಿಸುತ್ತಿದ್ದರು. ಈಕೆ ತುಟಿ ಆಡಿಸುತ್ತಲೇ ಹೊಸ್ತಿಲ ಕಡೆ ನೋಡುತ್ತ, ನಡುವೆ ಕೈಚಾಚಿ ಕೂಸಿನ ಅಂಗಿ ಹಿಡಿದೆಳೆಯುತ್ತಿದ್ದಳು. "ಕಣ್ಣು ಮುಚ್ಚಿದರ ಇದು ಒಲಿ ಕಡೆ ಹೊಕ್ಕೈತಿ. ದೇವರಿಗೂ ಅದು ಗೊತ್ತೈತಿ, ಏನೂ ಅನ್ನಂಗಿಲ್ಲ" ಎನ್ನುತ್ತಿದ್ದಳು. ಕೂಸು ಎಂದರೆ ಗಂಡುಮಗು, ನಮ್ಮ ಅಂಗಳದಲ್ಲೇ ಹುಟ್ಟಿದ್ದು. ಅದಕ್ಕಿಂತ ಮೊದಲಿನದು ಹೆಣ್ಣು, ಆಗ ಒಂದನೇ ಇಯತ್ತೆ. ಉದ್ದ ಕೂದಲಿನ ಗಂಭೀರ ಹುಡುಗಿ. ತಮ್ಮನನ್ನು ಸೊಂಟದ ಮೇಲೆ ಏರಿಸಿಕೊಂಡು, ತಾನೇ ಹೆತ್ತವಳ ಹಾಗೆ ತಿರುಗುತ್ತಿದ್ದಳು.

ಆ ಕೂಸಿಗೆ ಹಾಲು ಕುಡಿಸುವಾಗಲೇ ಪಂತುಲಮ್ಮನಿಗೆ ಎಡಗಡೆ ಎದೆಯಲ್ಲಿ ಗಂಟು ಕೈಗೆ ಸಿಕ್ಕಿತು. ನನಗೆ ಹೇಳಿದಳು, ನಾನು ಅತ್ತೆಗೆ ಹೇಳಿದೆ. ಅತ್ತೆ ಒಂದು ಗಳಿಗೆಯೂ ಯೋಚಿಸಲಿಲ್ಲ. "ಹಾಲು ಕಟ್ಟೈತಿ. ಬಿಸಿ ಪಟ್ಟು ಹಾಕಬೇಕು" ಎಂದರು. ಜೋಳದ ಹಿಟ್ಟನ್ನು ಕುದಿಸಿ, ಔಡಲ ಎಲೆಯ ಮೇಲೆ ಬಳಿದು, ತಾವೇ ಅಂಗಳ ದಾಟಿ ಹೋಗಿ ಆಕೆಗೆ ಕಟ್ಟಿದರು. ಬಾವಿ ಹಗ್ಗ ಮುಟ್ಟಿಸದ ಅತ್ತೆ! ನಾನು ಬಾಯಿ ತೆರೆಯುವ ಮೊದಲೇ, "ಹಾಲು ಕಟ್ಟಿದ ಬಾಣಂತಿಗೆ ಎಂಥಾ ಜಾತಿ, ಸುಮ್ನಿರು" ಎಂದು ಗದರಿದರು.

ಓಣಿಯ ಹೆಂಗಸರೆಲ್ಲ ಒಬ್ಬೊಬ್ಬರು ಒಂದೊಂದು ಹೇಳಿದರು. ಹಾಲು ಬತ್ತಲಿ ಎಂದು ಮಲ್ಲಿಗೆ ಹೂವು ಕಟ್ಟಿದ್ದಾಯಿತು. ಅವರ ಚರ್ಚಿನ ಸಂಘದವರು ಬಂದು ಹಣೆಗೆ ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡಿದ್ದಾಯಿತು. "ಪ್ರಾರ್ಥನಿ ಅವರದು, ಪಟ್ಟು ನಿಮ್ಮ ಅತ್ತಿಯವರದು. ಎರಡೂ ಬಿಡಂಗಿಲ್ಲ" ಎಂದು ಆಕೆ ಎರಡನ್ನೂ ಶ್ರದ್ಧೆಯಿಂದ ಮಾಡಿಸಿಕೊಂಡಳು. ಗಂಟು ನೋಯಲಿಲ್ಲ. ಅದೇ ನಮ್ಮೆಲ್ಲರನ್ನೂ ಮೋಸಗೊಳಿಸಿತು. ನಮ್ಮ ಕಡೆ ನೋಯದೆ ಇರುವುದನ್ನು ಬೇನೆ ಎಂದು ಯಾರೂ ಒಪ್ಪುವುದಿಲ್ಲ. ಜೋಳದ ಸುಗ್ಗಿ ಹೋಗಿ ಹತ್ತಿಯ ಸುಗ್ಗಿ ಬಂದರೂ ನಾವು ಪಟ್ಟು ಕಟ್ಟುತ್ತಲೇ ಇದ್ದೆವು.

ಆಮೇಲೆ ಮಿಷನ್ನಿನ ಡಾಕ್ಟರಮ್ಮ ಒಬ್ಬರು ಶಾಲೆಯ ಮಕ್ಕಳ ಕಣ್ಣು, ಹಲ್ಲು ನೋಡಲು ಬಂದವರು ಆಕೆಯನ್ನೂ ನೋಡಿದರು. ಇಷ್ಟು ದಿನ ಏನು ಮಾಡುತ್ತಿದ್ದಿ ಎಂದು ಬೈದು, ಮದರಾಸಿಗೆ ಹೋಗು, ತಡ ಮಾಡಬೇಡ ಎಂದರಂತೆ. ಕ್ಯಾನ್ಸರ್ ಎಂಬ ಶಬ್ದ ನಮ್ಮ ಓಣಿಗೆ ಬಂದದ್ದು ಅವತ್ತು. ಅದು ಯಾರ ನಾಲಿಗೆಗೂ ಹೊಂದಲಿಲ್ಲ. ತೆಲುಗಿನಲ್ಲಿ ರಾಚಪುಂಡು ಎಂದು ದನಿ ತಗ್ಗಿಸಿ ಹೇಳಿಕೊಂಡರು. ಅದು ಬಂದವರು ಉಳಿದದ್ದನ್ನು ಯಾರೂ ಕಂಡಿರಲಿಲ್ಲ. ಅತ್ತೆ ನಡುಮನೆಯಲ್ಲಿ ಕೂತುಬಿಟ್ಟರು. ಆ ಸಂಜೆ ತಾವೇ ಮುಂದಿನ ಮನೆಗೆ ಹೋಗಿ, "ನಾನು ಬಿಸಿ ಹಿಟ್ಟು ಕಟ್ಟಿ ಕಟ್ಟಿ ಕೆಡಿಸಿಬಿಟ್ಟೆನೇನವ್ವಾ" ಎಂದು ಕೇಳಿದರು.

"ಇಲ್ರಿ ಅವ್ವಾರ. ನೀವು ಕಟ್ಟಿದಾಗ ಹಿತ ಅನಸ್ತಿತ್ತು. ಬ್ಯಾನಿ ಹಿಟ್ಟಿನಿಂದ ಬಂದದ್ದಲ್ಲ" ಎಂದಳು ಪಂತುಲಮ್ಮ. ಅತ್ತೆಗೆ ಸಮಾಧಾನ ಹೇಳುವ ಹೊತ್ತು ಅದಲ್ಲ, ಆದರೂ ಹೇಳಿದಳು.

ಗಂಡ ಹೆಂಡತಿ ಮದರಾಸಿನ ಮೇಲ್ ರೈಲು ಹತ್ತಿದರು. ಮಕ್ಕಳನ್ನು ಏನು ಮಾಡುವುದು? ಅವರ ಸಂಘದಲ್ಲಿ ಅದಕ್ಕೆ ಕಟ್ಟಿಟ್ಟ ಪದ್ಧತಿ ಇತ್ತು. ತಾಯಿ ಇಲ್ಲದ ಅಥವಾ ತಾಯಿ ಹಾಸಿಗೆ ಹಿಡಿದ ಮಕ್ಕಳಲ್ಲಿ ಹೆಣ್ಣು ಹೆಣ್ಣುಮಕ್ಕಳ ಬೋರ್ಡಿಂಗಿಗೆ, ಗಂಡು ಬೇರೆ ಊರಿನ ಗಂಡುಮಕ್ಕಳ ಬೋರ್ಡಿಂಗಿಗೆ. ತೀರಾ ಸಣ್ಣದಿದ್ದರೆ ಅದು ನಡೆದಾಡುವ ತನಕ ಅಜ್ಜಿಯ ಹತ್ತಿರ. ಅದರ ಪ್ರಕಾರ ಹುಡುಗಿಯನ್ನು ಬೋರ್ಡಿಂಗಿನವರು ಬಂದು ಕರೆದುಕೊಂಡು ಹೋದರು, ಕೂಸನ್ನು ಪೆದ್ದಹರಿವಾಣಂನ ಅಜ್ಜಿ ಎತ್ತಿಕೊಂಡು ಹೋದಳು. ಅನ್ನ, ಬಟ್ಟೆ, ಓದು ಯಾವುದಕ್ಕೂ ಕೊರತೆಯಿಲ್ಲದ ವ್ಯವಸ್ಥೆ ಅದು, ಸುಮ್ಮನೆ ದೂರಬಾರದು. ಅಕ್ಕ ತಮ್ಮ ಬೇರೆ ಬೇರೆ ಜಟಕಾ ಹತ್ತುವಾಗ ಒಬ್ಬರ ಕಡೆ ಒಬ್ಬರು ನೋಡುತ್ತಿದ್ದದ್ದು ಮಾತ್ರ ನನ್ನ ಕಣ್ಣಿನಿಂದ ಹೋಗಿಲ್ಲ.

ಬೇಸಿಗೆ ಮುಗಿಯುತ್ತ ಬಂದಾಗ ಅವರು ಮರಳಿದರು. ಆಕೆ ಅರ್ಧಕ್ಕೆ ಅರ್ಧ ಆಗಿದ್ದಳು. ಎಡಗಡೆ ಎದೆಯನ್ನು ಪೂರ್ತಿ ತೆಗೆದಿದ್ದರು. ಮಕ್ಕಳು ಅವತ್ತೇ ಬಂದವು. ಕೂಸು ತಾಯಿಯನ್ನು ಪರಕೀಯಳನ್ನು ನೋಡಿದಂತೆ ನೋಡಿತು. ಅದನ್ನು ಆಕೆ ನಿರೀಕ್ಷಿಸಿಯೇ ಬಂದಿದ್ದಳು. ಆಮೇಲೆ ಹುಡುಗಿ ಜಟಕಾದಿಂದ ಇಳಿದಳು. ಬೋರ್ಡಿಂಗಿನಲ್ಲಿ ಹೇನಿನ ಕಾಟಕ್ಕೆ ತಲೆ ಬೋಳಿಸಿದ್ದರು. ಅವಳು ತಮ್ಮನಿಗೆಂದು ಇಟ್ಟುಕೊಂಡಿದ್ದ ಬೆಲ್ಲದ ಚೂರನ್ನು ಮುಂದೆ ಹಿಡಿದಳು. ಕೂಸು ಆ ಕೈಯನ್ನು ಬಡಿದು, ಕಿಟಾರನೆ ಕಿರುಚಿ ಅಜ್ಜಿಯ ಸೀರೆಯೊಳಗೆ ಮುಖ ಮುಚ್ಚಿಕೊಂಡಿತು. ಹುಡುಗಿ ಅಳಲಿಲ್ಲ. ಬಿದ್ದ ಬೆಲ್ಲವನ್ನು ಎತ್ತಿಕೊಂಡು, ಊದಿ, ಮತ್ತೆ ಮುಷ್ಟಿಯಲ್ಲಿ ಇಟ್ಟುಕೊಂಡಳು.

ಮರುದಿನ ನೀರಿನ ಹತ್ತಿರ ಪಂತುಲಮ್ಮ ನನಗೆ ಎಲ್ಲ ಹೇಳಿದಳು. ಡಾಕ್ಟರನ್ನು ನೇರ ಕೇಳಿದ್ದಳಂತೆ, ಅವರೂ ನೇರ ಹೇಳಿದ್ದರು. "ಹುಳ ಹತ್ತಿದ ಬದನಿಕಾಯಿ ಕೊಯ್ದು ತಗದಾರ್ರಿ. ಹುಳ ಗಿಡದಾಗ ಇಳದೈತಂತ. ಒಂದು ವರ್ಷ ಆಗಬಹುದು, ಆಗದನೂ ಇರಬಹುದು." ಗಂಡನಿಗೆ ರೈಲಿನಲ್ಲಿ ಹೇಳಿದಳಂತೆ. ಆತ ಗುಂತಕಲ್ಲು ದಾಟುವ ತನಕ ಕಿಟಕಿಯ ಹೊರಗೆ ನೋಡುತ್ತಿದ್ದನಂತೆ. ನಾನು ಹಗ್ಗ ಹಿಡಿದು ನಿಂತಿದ್ದೆ.

"ಕೂಸಿಗೆ ನನ್ನ ಗುರ್ತು ಹತ್ತಲಿಲ್ಲ ಅಂತ ದುಃಖ ಇಲ್ರಿ" ಎಂದಳು. "ಅಕ್ಕನ್ನ ಕಂಡು ಅತ್ತನಲ್ಲ, ಅದಕ್ಕ ದುಃಖ. ನಾನು ಹೋದ ಮ್ಯಾಲೆ ಇಬ್ಬರನ್ನೂ ಎರಡು ಊರಿಗೆ ಹಾಕಿದರ, ದೊಡ್ಡವರಾದ ಮ್ಯಾಲೆ ಸ್ಟೇಷನ್ನಿನಾಗ ಎದುರಾದರೂ ಸರಕೊಂಡು ಹೋಗ್ತಾರ. ಅದೊಂದು ಆಗಬಾರದು." ಆಮೇಲೆ ಉಳಿದ ದಿನಗಳಲ್ಲೆಲ್ಲ ಆಕೆಗೆ ಇದ್ದದ್ದು ಆ ಒಂದೇ ಚಿಂತೆ.

ಅತ್ತೆ ಆ ವಾರವೇ ನನ್ನನ್ನು ಕರೆದು, "ಹಗ್ಗ ಮುಟ್ಟಿದರ ಮುಟ್ಟಲಿ ಅಂತ ಹೇಳು ಆಕಿಗೆ" ಎಂದರು. ಹೇಳಿದೆ. ಪಂತುಲಮ್ಮ ಬಾವಿಯ ಹತ್ತಿರ ಬಂದು ಎಡಗೈ ಎತ್ತಿ ನೋಡಿದಳು. ಅದು ಭುಜದ ಮೇಲಕ್ಕೆ ಏಳಲಿಲ್ಲ. "ಅವ್ವಾರು ಅಪ್ಪಣಿ ಕೊಟ್ಟಾರ, ಕೈ ಒಲ್ಲೆ ಅಂತೈತಿ" ಎಂದು ನಕ್ಕಳು. ಆ ನಗುವಿನಲ್ಲಿ ಸ್ವಲ್ಪ ಖಾರವಿತ್ತು. ಇರಬೇಕಾದ್ದೇ. ಅವತ್ತಿನಿಂದ ಫಿಟ್ಟರ್ ನೀರು ಸೇದತೊಡಗಿದ.

ಇತ್ತ ಅವರ ಸಂಘದಲ್ಲಿ ಬೇರೆಯೇ ಸಂಭ್ರಮ. ಆಪರೇಷನ್ ಚೆನ್ನಾಗಿ ಆಯಿತು ಎಂಬ ಸುದ್ದಿ ಮದರಾಸಿನಿಂದ ಬಂದಿತ್ತಲ್ಲ, ಅದನ್ನು ಅವರು ಬೇನೆ ವಾಸಿಯಾಯಿತು ಎಂದೇ ತಿಳಿದಿದ್ದರು. ಅವರ ಪಾದ್ರಿಗಳನ್ನು ಅಯ್ಯಗಾರು ಎನ್ನುತ್ತಿದ್ದರು. ಬಿಳಿ ಗಡ್ಡದ, ದೊಡ್ಡ ದನಿಯ, ಒಳ್ಳೆಯ ಮನುಷ್ಯರು. ಅವರು ಆಕೆ ಬಂದ ಮುಂದಿನ ಭಾನುವಾರಕ್ಕೇ ಕೃತಜ್ಞತೆಯ ಕೂಟ ಇಟ್ಟರು. ಅದೂ ನಮ್ಮ ಅಂಗಳದಲ್ಲಿ, ಆಕೆಗೆ ಚರ್ಚಿನ ತನಕ ನಡೆಯಲು ಆಗುವುದಿಲ್ಲ ಎಂದು. ಮಾವ, "ದೇವರ ಕೆಲಸ, ಮಾಡಿಕೊಳ್ಳಲಿ ಬಿಡು" ಎಂದರು. ಸಂಘದವರು ಕೋಳಿ, ಮೊಟ್ಟೆ, ಕುಂಬಳಕಾಯಿ, ಮಡಿಲು ತುಂಬ ಜೋಳ ಕಾಣಿಕೆ ತಂದರು. ಅತ್ತೆಯೂ ನಾನೂ ನಮ್ಮ ತಲಬಾಗಿಲಲ್ಲಿ ನಿಂತು ನೋಡಿದೆವು.

ಆ ಕೂಟದಲ್ಲಿ ಗುಣವಾದವರು ಎದ್ದು ಸಾಕ್ಷಿ ಹೇಳಬೇಕು. ಅವರು ಒಂದೊಂದು ಮಾತು ಮುಗಿಸಿದಾಗಲೂ ಕೂತವರೆಲ್ಲ ಒಂದೇ ದನಿಯಲ್ಲಿ 'ಸ್ತೋತ್ರಂ' ಎನ್ನಬೇಕು. ದೇವರಿಗೆ ವಂದನೆ ಎಂದು ಅರ್ಥ. ಹೂಂ ಅಂದಷ್ಟೇ ಸಲೀಸಾಗಿ ಅದು ಅವರ ಬಾಯಿಂದ ಬರುತ್ತಿತ್ತು. ಪಂತುಲಮ್ಮ ಗಂಡನ ಭುಜ ಹಿಡಿದು ಎದ್ದು ನಿಂತಳು. ಎಲ್ಲರಿಗೂ ತಿಳಿಯಲಿ ಎಂದು ಒಂದು ಮಾತು ತೆಲುಗಿನಲ್ಲಿ, ಅದನ್ನೇ ಮತ್ತೆ ಕನ್ನಡದಲ್ಲಿ ಹೇಳಿದಳು.

"ನೀವೆಲ್ಲಾ ನನಗೋಸ್ಕರ ಉಪವಾಸ ಇದ್ದು ಪ್ರಾರ್ಥನಿ ಮಾಡೀರಿ."

"ಸ್ತೋತ್ರಂ."

"ಆಪರೇಷನ್ ಆತು. ಜೀವ ಉಳಿಸ್ಕೊಂಡು ಬಂದೆ."

"ಸ್ತೋತ್ರಂ."

"ಬ್ಯಾನಿ ಹೋಗಿಲ್ಲ. ಒಳಗ ಇಳದೈತಿ, ಇನ್ನ ಮದ್ದಿಲ್ಲ ಅಂತ ಡಾಕ್ಟರ್ ಹೇಳ್ಯಾರ."

"ಸ್ತೋತ್ರಂ" ಎಂದಿತು ಅಂಗಳ.

ಅಂದಮೇಲೆ ಅವರಿಗೆ ತಾವು ಅಂದದ್ದು ಕೇಳಿಸಿತು. ಮುಂದೆ ಕೂತಿದ್ದ ಒಬ್ಬ ಮುದುಕಿ ಬಾಯಿಗೆ ಕೈ ಒತ್ತಿಕೊಂಡಳು. ಕಟ್ಟಿಹಾಕಿದ್ದ ಕೋಳಿಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಯಾರೋ ಅಳಲು ಶುರುಮಾಡಿದರು. ಪಂತುಲಮ್ಮ ತರಗತಿಯಲ್ಲಿ ಗದ್ದಲ ನಿಲ್ಲಿಸುವವಳ ಹಾಗೆ ಕೈ ಎತ್ತಿದಳು, ಬಲಗೈ.

"ಅಳಬ್ಯಾಡ್ರಿ. ನೀವು ಅಂದದ್ದು ತಪ್ಪಲ್ಲ. ಇದಕ್ಕೂ ಸ್ತೋತ್ರಂ ಅನ್ನಾಕ ನಾನೂ ಕಲೀಬೇಕು. ನನಗ ಇನ್ನಾ ಬಂದಿಲ್ಲ. ಅಯ್ಯಗಾರು, ನನ್ನ ಜೀವ ಉಳಿಸು ಅಂತ ಕೇಳಿದ್ದು ಸಾಕು. ದೇವರು ಕೇಳಿಸ್ಕೊಂಡಾನ, ಬ್ಯಾರೆ ಉತ್ತರ ಕೊಟ್ಟಾನ. ಈಗ ನಾನು ದೇವರನ್ನ ಅಲ್ಲ, ನಿಮ್ಮನ್ನ ಕೇಳ್ತೀನಿ. ನನ್ನ ಮಕ್ಕಳನ್ನ ಬ್ಯಾರೆ ಬ್ಯಾರೆ ಊರಿಗೆ ಹಾಕಬ್ಯಾಡ್ರಿ. ಅವರಪ್ಪನ ಹತ್ತಿರ ಇಬ್ಬರೂ ಕೂಡಿ ಇರಲಿ."

ಅಯ್ಯಗಾರು ಕಣ್ಣೊರೆಸಿಕೊಂಡು ಎದ್ದರು. ಮೆತ್ತಗೆ ಹೇಳಿದರು. "ಅಮ್ಮಾ, ಗಂಡಸು ಎಳೇ ಮಕ್ಕಳನ್ನ ಹೆಂಗ ಸಾಕ್ತಾನ? ಹತ್ತಿ ಸುಗ್ಗಿ ಬಂದರ ಹಗಲೆಲ್ಲಾ ಫ್ಯಾಕ್ಟರಿ. ಮಕ್ಕಳಿಗೆ ಯಾರು ಉಣ್ಣಾಕ ಹಾಕಬೇಕು? ಬೋರ್ಡಿಂಗಿನಾಗ ಎಲ್ಲಾ ಐತಿ."

"ಆತಗ ಕಲಿಸ್ತೀನ್ರಿ. ಕಲಿಸೋದು ನನ್ನ ಕೆಲಸ. ಆತಗ ಬಂದೈತೋ ಇಲ್ಲೋ ನೀವ ಬಂದು ನೋಡ್ರಿ, ಆಮ್ಯಾಲ ತೀರ್ಮಾನ ಮಾಡ್ರಿ" ಎಂದು ಹೇಳಿ ಕೂತಳು. ಈ ಸಲ ಯಾರೂ ಸ್ತೋತ್ರಂ ಅನ್ನಲಿಲ್ಲ. ಫಿಟ್ಟರ್ ತಲೆ ಬಗ್ಗಿಸಿ ನೆಲ ನೋಡುತ್ತಿದ್ದ.

ಮರುದಿನದಿಂದ ಶಾಲೆ ಶುರುವಾಯಿತು. ನಮ್ಮ ಕಡೆ ಗಂಡಸರಿಗೆ ಹಸಿವು ಗೊತ್ತು, ಒಲೆ ಗೊತ್ತಿಲ್ಲ. ಅಂಥ ಊರಿನಲ್ಲಿ, ಬಾಗಿಲು ತೆರೆದ ಅಂಗಳದಲ್ಲಿ, ಒಬ್ಬ ಫಿಟ್ಟರ್ ಕೊಣಮಿಗೆ ಎಂಬ ಮರದ ಪರಾತವನ್ನು ಮುಂದಿಟ್ಟುಕೊಂಡು ಜೋಳದ ಹಿಟ್ಟು ಮಿದ್ದುತ್ತಿದ್ದ. ಪಂತುಲಮ್ಮ ಹೊರಸಿನ ಮೇಲೆ ಒರಗಿ ಪಾಠ ಹೇಳುತ್ತಿದ್ದಳು. "ಬಿಸಿನೀರು ಒಮ್ಮೆಗೇ ಹೊಯ್ಯಬ್ಯಾಡ. ಬಡೀಬೇಕು, ಅದನ್ನ ಹೊಡದು ಕೊಲ್ಲಬ್ಯಾಡ." ಮೊದಲ ವಾರದ ರೊಟ್ಟಿಗಳು ಆಂಧ್ರದ ನಕ್ಷೆಯ ಹಾಗಿದ್ದವು ಎಂದು ಈಗ ಹೇಳಬಹುದು, ಆಗ ಅಂಥ ನಕ್ಷೆಯಿರಲಿಲ್ಲ. ಓಣಿಯ ಗಂಡಸರು ಬೇಕೆಂದೇ ನಮ್ಮ ಬಾಗಿಲ ಮುಂದೆ ಹಾದು ಹೋಗಿ, "ಏನ್ ಫಿಟ್ಟರ್, ಸೀರಿ ಯಾವಾಗ ಉಡ್ತಿ?" ಎಂದು ನಗುತ್ತಿದ್ದರು. ನಮ್ಮ ಮಾವನೂ ನಕ್ಕರು. ಆತ ರೊಟ್ಟಿ ಬಡಿಯುತ್ತಲೇ ಇದ್ದ.

ರೊಟ್ಟಿ ಒಂದು ಹಂತಕ್ಕೆ ಬಂದಮೇಲೆ ತಲೆ ಬಾಚುವ ಪಾಠ. ಹುಡುಗಿಯ ಕೂದಲು ಹೆರಳಿಗೆ ಸಾಲುವಷ್ಟು ಬೆಳೆದಿರಲಿಲ್ಲ, ಆದ್ದರಿಂದ ನಾನು ಹೆರಳಿಗೆ ಸೇರಿಸಿಕೊಳ್ಳುವ ನನ್ನ ಚೌರಿಯನ್ನು ಕೊಟ್ಟೆ. ಅದನ್ನು ಬಾಗಿಲ ಚಿಲಕಕ್ಕೆ ಕಟ್ಟಿ ಆತನಿಂದ ಹೆಣೆಸಿದಳು. ಯಂತ್ರದ ಬೆಲ್ಟು ಹಾಕುವ ಆ ದಪ್ಪ ಬೆರಳುಗಳಿಗೆ ಮೂರು ಕಾಲಿನ ಜಡೆ ದಕ್ಕಲಿಲ್ಲ. ಒಮ್ಮೆ ಬೇಸತ್ತು ಚೌರಿ ಎಸೆದು ಹೊರಗೆ ಹೋದ. ಪಂತುಲಮ್ಮ ಕರೆಯಲಿಲ್ಲ. ಆತ ಬಾವಿಯ ಕಟ್ಟೆಯ ಮೇಲೆ ಕೂತು ಗೊಳೋ ಎಂದು ಅತ್ತ. ಆತ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಮೇಲೆ ಮುಖ ತೊಳೆದು ಒಳಗೆ ಹೋಗಿ ಚೌರಿ ಎತ್ತಿಕೊಂಡ. "ಬಲಗಡೀದು ನಡುವಕ್ಕ ತಗೋ" ಎಂದಳು ಆಕೆ, ಏನೂ ಆಗದವಳಂತೆ.

ಮಕ್ಕಳನ್ನೂ ಬಿಡಲಿಲ್ಲ. ಅಕ್ಕ ತಮ್ಮ ಒಂದೇ ತಟ್ಟೆಯಲ್ಲಿ ಉಣ್ಣಬೇಕು, ಒಂದೇ ಚಾಪೆಯಲ್ಲಿ ಮಲಗಬೇಕು. ಕೂಸಿಗೆ ಏನೇ ಬೇಕಾದರೂ ತಾಯಿಯನ್ನು ಕೇಳುವಂತಿಲ್ಲ, ಅಕ್ಕನನ್ನು ಕೇಳಬೇಕು. ಕೂಸು ತನ್ನ ಕಡೆಗೆ ಕೈ ಚಾಚಿದಾಗ ಆಕೆ ಮುಖ ತಿರುಗಿಸಿ, "ಅಕ್ಕನ ಕಡೆ ಹೋಗು" ಎನ್ನುತ್ತಿದ್ದಳು. ಎಂಥ ತಾಯಿ ಎಂದು ಓಣಿಯಲ್ಲಿ ಒಬ್ಬಿಬ್ಬರು ಅಂದರು. ಕೂಸು ತಿಂಗಳೊಪ್ಪತ್ತಿನಲ್ಲಿ ಅಕ್ಕನ ಲಂಗ ಬಿಡದಂತಾಯಿತು.

ಅಯ್ಯಗಾರು ಪರೀಕ್ಷೆಗೆ ಬಂದದ್ದು ದಸರೆಯ ಹೊತ್ತಿಗೆ. ಆಕೆ ಆಗ ಎದ್ದು ಕೂಡಲೂ ಇನ್ನೊಬ್ಬರ ಆಸರೆ ಬೇಕಿತ್ತು. ಅಯ್ಯಗಾರು ಚಾಪೆಯ ಮೇಲೆ ಕೂತರು, ಫಿಟ್ಟರ್ ಬಡಿಸಿದ. ರೊಟ್ಟಿ, ಪುಂಡಿಪಲ್ಯ, ಬೆಳ್ಳುಳ್ಳಿ ಚಟ್ನಿ. ಹುಡುಗಿ ಹೊಸದಾಗಿ ಎಣ್ಣೆ ಹಚ್ಚಿ ಹಾಕಿದ ಎರಡು ಮೋಟು ಜಡೆಯಲ್ಲಿ ನೀರಿಟ್ಟಳು, ತಮ್ಮ ಉಪ್ಪು ತಂದ. ಅಯ್ಯಗಾರು ಪ್ರಾರ್ಥನೆ ಮಾಡಿ ಉಂಡರು. ಒಂದು ರೊಟ್ಟಿ ಮುಗಿಸಿ, ಇನ್ನೊಂದು ಹಾಕು ಎಂದರು. ಅದನ್ನೂ ಮುಗಿಸಿ ಕೈ ತೊಳೆದು ಹೊರಸಿನ ಹತ್ತಿರ ಬಂದರು. ನಾನು ಆಕೆಯ ಬೆನ್ನಿಗೆ ದಿಂಬು ಹಿಡಿದಿದ್ದೆ.

"ಸುಣ್ಣ ಹೆಚ್ಚಾದ ಗ್ವಾಡಿ ಹಂಗ ದಪ್ಪ ಆಗ್ಯಾವಮ್ಮ ರೊಟ್ಟಿ" ಎಂದರು. "ಆದರ ಹೊಟ್ಟಿ ತುಂಬೈತಿ. ಬೋರ್ಡಿಂಗಿನ ಮಾತು ನಾನು ಎತ್ತಂಗಿಲ್ಲ. ಯಾರಾದರೂ ಎತ್ತಿದರೂ ಬಿಡಂಗಿಲ್ಲ."

ಪಂತುಲಮ್ಮ ಗಂಡನ ಕಡೆ ನೋಡಿ, "ಪಾಸಾದಿ" ಎಂದಳು. ಆಮೇಲೆ ಮಲಗಿಸು ಎಂದು ನನಗೆ ಸನ್ನೆ ಮಾಡಿದಳು. ದಿಂಬಿನ ನೆಪದಲ್ಲಿ ಆಕೆಯನ್ನು ಮುಟ್ಟಿದ್ದು ಅದೇ ಮೊದಲು ಎಂದು ನನಗೆ ಹೊಳೆದದ್ದು ಮನೆಗೆ ಬಂದಮೇಲೆ. ಇಷ್ಟು ವರ್ಷ ನೀರು ಹೊಯ್ದಿದ್ದೆ, ಕೈ ಮುಟ್ಟಿರಲಿಲ್ಲ.

ಕೊನೆಯ ದಿನಗಳಲ್ಲಿ ಮಧ್ಯಾಹ್ನ ಹೋಗಿ ಕೂಡುತ್ತಿದ್ದೆ. ಅತ್ತೆ ತಡೆಯಲಿಲ್ಲ, ತಾವೇ ಗಂಜಿ ಕಾಸಿ ಕೊಟ್ಟು ಕಳಿಸುತ್ತಿದ್ದರು. ಸಂಘದವರು ಊರೂರಿಂದ ನೋಡಲು ಬರುತ್ತಿದ್ದರು. ಪಂತುಲಮ್ಮನ ಧೈರ್ಯ ನೋಡಿ, ಮುಖದಲ್ಲಿ ಹೆದರಿಕೆಯ ಗೆರೆಯಿಲ್ಲ ಎಂದು ಹೊಗಳಿ ಹೋಗುತ್ತಿದ್ದರು. ಹಾಗೆ ಮಾಧವರಂ ಕಡೆಯವರು ಬಂದು ಹೋದ ಒಂದು ದಿನ ನಾನೂ ಅಂದೆ, ನಿಮ್ಮಷ್ಟು ಧೈರ್ಯ ನನಗಿಲ್ಲ ಪಂತುಲಮ್ಮ ಎಂದು.

"ನೀವೂ ಅದನ್ನ ಅಂತೀರೇನು ಅಕ್ಕಾರ" ಎಂದಳು. ದನಿ ಸಣ್ಣಗಾಗಿತ್ತು. "ಹೆದರಿಕಿ ಐತ್ರಿ. ಸಾಯೋದಕ್ಕಲ್ಲ. ಹೋಗೋ ಕಡೆ ಯಾರು ಅದಾರ ಅಂತ ನನಗ ಗೊತ್ತೈತಿ. ಇವರನ್ನ ಬಿಟ್ಟು ಹೋಗೋದಕ್ಕ. ಕೂಸು ಬಂದು ಬಾಜೂಕ ಮಲಗಿದರ, ಅದರ ನೆತ್ತಿ ವಾಸನಿಗೆ ನನ್ನ ನಂಬಿಕಿ ಎಲ್ಲಾ ಅಲುಗಾಡ್ತೈತಿ."

"ಅದನ್ನ ನಿಮ್ಮ ದೇವರಿಗೆ ಹೇಳೀರೇನು?"

"ದಿನಾ ಹೇಳ್ತೀನಿ. ಒಲ್ಲೆ, ನಾ ಬರಂಗಿಲ್ಲ ಅಂತೀನಿ. ಮುಂಜಾನಿಂದ ಜಗಳ ಮಾಡ್ತೀನಿ. ಸಂಜಿಗೆ ಸಾಕಾಗಿ, ಆತು, ನಿನ್ನ ಮನಸ್ಸಿದ್ದಂಗ ಆಗಲಿ ಅಂತೀನಿ. ಮರುದಿನ ಎದ್ದ ಕೂಡಲೆ ಮತ್ತ ಒಲ್ಲೆ." ಆಮೇಲೆ, "ದೇವರಿಗೂ ಬ್ಯಾಸರಾಗಿರಬೇಕು" ಎಂದು ತುಟಿಯಂಚಿನಲ್ಲಿ ನಕ್ಕಳು. ನಾನು ಆಕೆಯ ಕೈಹಿಡಿದುಕೊಂಡು ಕೂತೆ. ಬೇರೆ ಏನೂ ನನ್ನಿಂದ ಆಗಲಿಲ್ಲ.

ಹತ್ತಿ ಸುಗ್ಗಿ ಶುರುವಾಗುವ ಮೊದಲೇ ಆಕೆ ತೀರಿಕೊಂಡಳು. ನಮ್ಮ ಮನೆಯ ಹೆಂಗಸರು ಮಣ್ಣಿಗೆ ಹೋಗುವ ಪದ್ಧತಿಯಿಲ್ಲ. ನಮ್ಮ ಯಜಮಾನರು ಹೋಗಿ ಬಂದರು. ಅಯ್ಯಗಾರು ಬಹಳ ಚೆನ್ನಾಗಿ ಮಾತಾಡಿದರಂತೆ. ನಮ್ಮ ತಂಗಿ ನಗುನಗುತ್ತ, ಸಂತೋಷದಿಂದ ತಂದೆಯ ಮನೆಗೆ ಹೋದಳು ಎಂದರಂತೆ. ಉಳಿದವರ ಮನಸ್ಸು ಹಗುರಾಗಲಿ ಎಂದು ಹಾಗೆ ಹೇಳುವುದು ಎಲ್ಲ ಜಾತಿಯಲ್ಲೂ ಇದ್ದದ್ದೇ.

ಮಕ್ಕಳು ಬೇರೆಯಾಗಲಿಲ್ಲ. ಸುಗ್ಗಿಯಲ್ಲೂ ಫಿಟ್ಟರ್ ಕತ್ತಲಿರುವಾಗಲೇ ಎದ್ದು ರೊಟ್ಟಿ ಬಡಿದಿಟ್ಟು ಹೋಗುತ್ತಿದ್ದ. ಓಣಿಯವರು ನಗುವುದನ್ನು ಯಾವಾಗ ಬಿಟ್ಟರೋ ಗೊತ್ತಾಗಲಿಲ್ಲ. ಆತ ಮತ್ತೆ ಮದುವೆ ಮಾಡಿಕೊಳ್ಳಲಿಲ್ಲ ಎಂದು ಬರೆದರೆ ಓದಲು ಚೆನ್ನಾಗಿರುತ್ತಿತ್ತು. ಮಾಡಿಕೊಂಡ, ನಾಲ್ಕೈದು ವರ್ಷ ಬಿಟ್ಟು, ಎಮ್ಮಿಗನೂರಿನ ಒಬ್ಬ ವಿಧವೆಯನ್ನು. ಒಳ್ಳೆಯ ಹೆಂಗಸು. ಆಮೇಲೆ ಅಲ್ಲಿಗೇ ಹೋಗಿ ನೆಲೆಸಿದರು, ಇಬ್ಬರು ಮಕ್ಕಳನ್ನೂ ಕರೆದುಕೊಂಡು.

ಯುದ್ಧ ಮುಗಿದು, ಸ್ವಾತಂತ್ರ್ಯವೂ ಬಂದಮೇಲೆ ಒಂದು ದಿನ ಆ ಹುಡುಗಿ ನಮ್ಮ ಮನೆಗೆ ಬಂದಳು. ಟೀಚರ್ ಟ್ರೈನಿಂಗಿಗೆ ಹೊರಟಿದ್ದಳು, ತಮ್ಮ ಸ್ಟೇಷನ್ನಿನಲ್ಲಿ ಟ್ರಂಕು ಕಾಯುತ್ತ ಕೂತಿದ್ದ. ತಾಯಿಯದೇ ಗಿಡ್ಡ ಮೈಕಟ್ಟು, ಅದೇ ನಡಿಗೆ. ಅತ್ತೆ ತೀರಿಕೊಂಡು ಬಹಳ ದಿನವಾಗಿತ್ತು. ನಾನು ಒಳಗೆ ಕರೆದು, ನಡುಮನೆಯಲ್ಲಿ ಕೂರಿಸಿ ಚಹಾ ಕೊಟ್ಟೆ. ಅದು ಇದು ಮಾತಾಡಿದಳು. ಲೋಟ ಕೆಳಗಿಟ್ಟು, ಬಂದ ಕೆಲಸಕ್ಕೆ ಬಂದಳು.

"ದೊಡ್ಡಮ್ಮ, ನಮ್ಮ ಅಮ್ಮನ ಸುದ್ದಿ ನಮ್ಮ ಸಂಘದಾಗ ಇನ್ನೂ ಹೇಳ್ತಾರ. ಭಾನುವಾರದ ಪ್ರಸಂಗದಾಗ ಹೇಳ್ತಾರ. ಹೆದರಲಿಲ್ಲ, ಅಳಲಿಲ್ಲ, ಸಂತೋಷದಿಂದ ಹೋದಳು ಅಂತ. ನೀವು ದಿನಾ ಹತ್ತಿರ ಇದ್ರಿ. ಖರೇನು?"

ಸಂಘದವರು ಇಷ್ಟು ವರ್ಷ ಕಾಪಾಡಿಕೊಂಡು ಬಂದದ್ದನ್ನು, ಅವರ ದೇವರನ್ನು ನಂಬದ ನಾನು ಕೆಡಿಸಬಹುದೇ ಎಂದು ಅನ್ನಿಸಿತು. ಆದರೆ ಅಂಗಳದಲ್ಲಿ ಅಷ್ಟು ಮಂದಿಯ ಮುಂದೆ ನಿಂತು ನಿಜ ಹೇಳಿದವಳ ಮಗಳು ಇವಳು. ಸುಳ್ಳು ಹೇಳಲು ನಾಲಿಗೆ ಬರಲಿಲ್ಲ.

"ಸಂತೋಷದಿಂದ ಹೋಗಲಿಲ್ಲವ್ವ. ಹೆದರಿಕಿ ಐತಿ ಅಂದಿದ್ದಳು. ನಿಮ್ಮನ್ನ ಬಿಟ್ಟು ಹೋಗಾಕ ಹೆದರಿಕಿ. ಒಲ್ಲೆ, ನಾ ಬರಂಗಿಲ್ಲ ಅಂತ ದಿನಾ ದೇವರ ಜೊತಿ ಜಗಳ ಮಾಡ್ತಿದ್ದಳು. ಸಂಜಿಗೆ ಒಪ್ಪಿಕೊಂಡು, ಮರುದಿನ ಮತ್ತ ಒಲ್ಲೆ ಅಂತಿದ್ದಳು."

ನಾನು ಹೇಳಬಾರದಿತ್ತು ಎಂದು ಅಂದುಕೊಳ್ಳುವಷ್ಟರಲ್ಲಿ ಹುಡುಗಿ ಬಾಯಿ ತೆರೆದಳು.

"ಸಣ್ಣಾಕಿದ್ದಾಗಿಂದ ಕೇಳ್ತಾ ಬಂದೀನಿ, ಸಂತೋಷದಿಂದ ಹೋದಳು, ಸಂತೋಷದಿಂದ ಹೋದಳು ಅಂತ. ನಮ್ಮನ್ನ ಬಿಟ್ಟು ಹೋಗಾಕ ಅಮ್ಮಗ ಅಷ್ಟು ಸಂತೋಷ ಯಾಕ ಆತು ಅಂತ ನನಗ ತಿಳೀತಿರಲಿಲ್ಲ ದೊಡ್ಡಮ್ಮ. ಯಾರನ್ನ ಕೇಳಬೇಕು? ತಮ್ಮಗ ಹೇಳಂಗಿಲ್ಲ, ಅಪ್ಪಗ ಹೇಳಂಗಿಲ್ಲ."

ಕಣ್ಣಿನಿಂದ ನೀರು ಇಳಿಯುತ್ತಿತ್ತು, ಆದರೆ ಮುಖ ಬಿಚ್ಚಿಕೊಂಡಿತ್ತು. ಸೆರಗಿನಿಂದ ಒರೆಸಿಕೊಂಡು ನನ್ನ ಹತ್ತಿರಕ್ಕೆ ಸರಿದು ಕೂತಳು.

"ಇನ್ನೊಂದು ಸಲ ಹೇಳ್ರಿ" ಎಂದಳು.

"ಏನು?"

"ಒಲ್ಲೆ ಅಂತಿದ್ದಳು ಅಂದ್ರಲ್ಲ, ಅದನ್ನ."

ಹೇಳಿದೆ.